ಲೀಶು ಇದೆಯಲ್ಲ ಸಾರ್!

ಈ ಸಾಲುಗಳನ್ನು ಬರೆಯುವ ಹೊತ್ತಿಗೆ ನನ್ನ ಬಿಳಿಯ ಪೈಜಾಮದ ಮೇಲಿನ ಎರಡು ಕೆಸರು ಪಂಜಗಳ ಗುರುತು ಇನ್ನೂ ಒಣಗಿಲ್ಲ. ಅದನ್ನು ಬಕೆಟ್ಟಿನಲ್ಲಿ ನೆನೆಹಾಕಲು ಹೊರಟಿದ್ದ ನನ್ನ ಹೆಂಡತಿ ಒಂದು ಗಳಿಗೆ ತಡೆದು, "ಮೊದಲು ಫೋಟೋ ತೆಗೆದಿಟ್ಕೊಳ್ಳಿ, ಪಾರ್ಕಿನಲ್ಲಿ ಮತ್ತೆ ಪಂಚಾಯಿತಿ ಆದ್ರೆ ಸಾಕ್ಷಿಗೆ ಬೇಕಾಗುತ್ತೆ" ಎಂದಳು. ಸಾಕ್ಷಿಯ ವಿಷಯದಲ್ಲಿ ಅವಳು ಯಾವಾಗಲೂ ಕಟ್ಟುನಿಟ್ಟು. ನನ್ನ ವಿರುದ್ಧದ ಸಾಕ್ಷಿಗಳನ್ನೂ ಇಷ್ಟೇ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಾಳೆ.

ಬೆಂಗಳೂರಿನ ದಕ್ಷಿಣಕ್ಕಿರುವ ನಮ್ಮ ಬಡಾವಣೆಯ ಉದ್ಯಾನ ಬೇರೆಲ್ಲ ಬಡಾವಣೆಗಳ ಉದ್ಯಾನದಂತೆಯೇ ಇದೆ. ಗೇಟಿನ ಹೊರಗೆ ಬೂದುಗುಂಬಳ, ಹಾಗಲ, ನೆಲ್ಲಿಗಳ ರಸ ಮಾರುವವನ ಗಾಡಿ, ಒಳಗೆ ಕಲ್ಲು ಹಾಸಿದ ನಡಿಗೆಯ ಹಾದಿ, ಎಣ್ಣೆಯ ಮುಖ ಕಾಣದೆ ಕಿರುಗುಟ್ಟುವ ವ್ಯಾಯಾಮದ ಯಂತ್ರಗಳು, ಮೂಲೆಯಲ್ಲಿ ನಗೆಕೂಟ, ಮತ್ತು ಸೊಸೆಯ ಗುಟ್ಟನ್ನು ಇಡೀ ಉದ್ಯಾನಕ್ಕೆ ಕೇಳುವಂತೆ ಪಿಸುಗುಟ್ಟುವ ಇಬ್ಬರು ಹಿರಿಯರು. ರಕ್ತದಲ್ಲಿ ಸಕ್ಕರೆ ಏರಿದೆಯೆಂದು ವೈದ್ಯರು ದಿನಕ್ಕೆ ನಲವತ್ತು ನಿಮಿಷದ ನಡಿಗೆಯನ್ನು ಬರೆದುಕೊಟ್ಟ ಮೇಲೆ, ಪ್ರದಕ್ಷಿಣೆ ಬರುವವರು ಹಾಗೂ ಅಪ್ರದಕ್ಷಿಣೆ ಬರುವವರು ಎಂಬ ಇಲ್ಲಿನ ಎರಡು ಪಂಗಡಗಳಲ್ಲಿ ಮೊದಲನೆಯದಕ್ಕೆ ಸೇರಿಕೊಂಡು ನಾನು ಆರು ಸುತ್ತು ಹಾಕುತ್ತಿದ್ದೇನೆ. ಗುಂಡ ಯಾವ ಪಂಗಡಕ್ಕೂ ಸೇರಿದವನಲ್ಲ. ಅವನು ಅಡ್ಡ ಬರುತ್ತಾನೆ.

ಗುಂಡ ಮೂವತ್ತೈದು ಕಿಲೋ ತೂಗುವ ಲ್ಯಾಬ್ರಡಾರ್. ಇದು ನನ್ನ ಅಂದಾಜಲ್ಲ. ಅವನ ಒಡತಿಯೇ ಹೆಮ್ಮೆಯಿಂದ ಹೇಳಿದ ಲೆಕ್ಕ. ಆ ಮಹಿಳೆಯ ಹೆಸರು ಉದ್ಯಾನದಲ್ಲಿ ಯಾರಿಗೂ ತಿಳಿಯದು, ಏಕೆಂದರೆ ಶಾಲೆಯ ಗೇಟಿನ ಮುಂದೆ ಕಾಯುವ ತಾಯಂದಿರಿಗೆ ಹೇಗೋ ಹಾಗೆ, ನಾಯಿ ಕರೆತರುವವರಿಗೂ ಇಲ್ಲಿ ಸ್ವಂತ ಹೆಸರಿರುವುದಿಲ್ಲ. ಸಿಂಬಾನ ಅಜ್ಜಿ ಇದ್ದಾರೆ, ಕೋಕೋನ ಅಪ್ಪ ಇದ್ದಾರೆ, ಇವರು ಗುಂಡನ ಅಮ್ಮ.

ಗುಂಡನ ಅಮ್ಮನ ಬಳಿ ಲೀಶು, ಅಂದರೆ ನಾಯಿಯನ್ನು ಹಿಡಿದು ನಡೆಸುವ ಹಗ್ಗ, ಇಲ್ಲವೆಂದು ಯಾರಾದರೂ ಹೇಳಿದರೆ ಅದು ಸುಳ್ಳಾದೀತು. ಕೆಂಪು ಬಣ್ಣದ, ಹೆಬ್ಬೆರಳಿನಷ್ಟು ದಪ್ಪದ, ತುದಿಯಲ್ಲಿ ಹೊಳೆಯುವ ಸ್ಟೀಲಿನ ಕೊಕ್ಕೆಯಿರುವ ಉತ್ತಮ ದರ್ಜೆಯ ಲೀಶು ಅದು. ಅದು ಪ್ರತಿದಿನವೂ ತಪ್ಪದೆ ಉದ್ಯಾನಕ್ಕೆ ಬರುತ್ತದೆ, ಆದರೆ ಗುಂಡನ ಕೊರಳಿಗೆ ಬದಲು ಅವನ ಅಮ್ಮನ ಕೊರಳಲ್ಲಿ ಬರುತ್ತದೆ. ಕೆಲವು ದಿನ ಅದು ವಾರ್ಡಿನಲ್ಲಿ ಸುತ್ತುಹೊಡೆಯುವ ವೈದ್ಯರ ಸ್ಟೆತಸ್ಕೋಪಿನಂತೆ ಎದೆಯ ಮೇಲೆ ಎರಡೂ ಕಡೆ ಇಳಿಬಿದ್ದಿರುತ್ತದೆ. ಕೆಲವು ದಿನ ಸನ್ಮಾನದ ಶಾಲಿನಂತೆ ಹೆಗಲೇರಿರುತ್ತದೆ. ಚಳಿ ಹೆಚ್ಚಿದ್ದ ಒಂದು ದಿನ ಅದನ್ನು ಮಫ್ಲರಿನ ಮೇಲೆ ಎರಡು ಸುತ್ತು ಸುತ್ತಿಕೊಂಡು ಬಂದಿದ್ದರು. ನಾಲ್ಕು ತಿಂಗಳು ಕಾದು ನೋಡಿದ ನಾನು ಒಂದು ದಿನ ಧೈರ್ಯ ಮಾಡಿ, "ಮೇಡಂ, ಪಾರ್ಕಿನಲ್ಲಿ ನಾಯಿಗೆ ಲೀಶು ಹಾಕಬೇಕಲ್ಲವೇ?" ಎಂದು ಕೇಳಿದೆ. ಅವರು ಕೊಕ್ಕೆಯನ್ನು ಎರಡು ಬೆರಳಿನಲ್ಲಿ ಎತ್ತಿ ತೋರಿಸಿ, ನನ್ನ ಕನ್ನಡಕದ ನಂಬರಿನ ಬಗ್ಗೆ ಕನಿಕರ ತುಂಬಿದ ದನಿಯಲ್ಲಿ, "ಲೀಶು ಇದೆಯಲ್ಲ ಸಾರ್!" ಎಂದರು. ನಾನು ಮುಂದೆ ಮಾತಾಡಲಿಲ್ಲ. ಹೆಲ್ಮೆಟ್ಟನ್ನು ಸ್ಕೂಟರಿನ ಕನ್ನಡಿಗೆ ತೂಗುಹಾಕಿಕೊಂಡು, ಮಾಸ್ಕನ್ನು ಗಲ್ಲಕ್ಕೆ ತೊಡಿಸಿಕೊಂಡು ಬದುಕಿ ಬಂದ ಊರಿನಲ್ಲಿ ಈ ತರ್ಕಕ್ಕೆ ಎದುರಾಡುವುದು ಹೇಗೆ?

ಡಿಸೆಂಬರಿನ ಒಂದು ಮುಂಜಾನೆ ನಡೆದದ್ದನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ನಾನು ನಾಲ್ಕನೆಯ ಸುತ್ತಿನಲ್ಲಿ ನಗೆಕೂಟದ ಮೂಲೆಗೆ ಬರುತ್ತಿದ್ದಾಗ ಮಂಜಿನೊಳಗಿನಿಂದ ಗುಂಡ ನೇರವಾಗಿ ನನ್ನತ್ತ ಓಡಿಬಂದ. ಅವನ ಬಾಲ ಅಲ್ಲಾಡುತ್ತಿತ್ತಂತೆ, ಅದು ಸ್ನೇಹದ ಲಕ್ಷಣವಂತೆ. ಆದರೆ ನಾಯಿಯ ಸ್ನೇಹ ಹಿಂದಿನ ತುದಿಯಲ್ಲೂ ಹಲ್ಲು ಮುಂದಿನ ತುದಿಯಲ್ಲೂ ಇರುವುದರಿಂದ ನನಗೆ ಮೊದಲು ಕಂಡದ್ದು ಹಲ್ಲು. ಮರುಕ್ಷಣ ನಾನು ಕಲ್ಲುಬೆಂಚಿನ ಮೇಲೆ ನಿಂತಿದ್ದೆ. ಮಂಡಿನೋವಿಗೆ ಎರಡು ವರ್ಷದಿಂದ ಎಣ್ಣೆ ತಿಕ್ಕಿಸಿಕೊಳ್ಳುತ್ತಿರುವ ನಾನು ಅಲ್ಲಿಗೆ ಏರಿದ್ದು ಹೇಗೆಂಬುದು ನನಗಿನ್ನೂ ತಿಳಿದಿಲ್ಲ. ಬೆಂಚಿನ ಮೇಲೆ ಯಾರೋ ಮಕ್ಕಳು ತಮ್ಮ ತೀರಿಹೋದ ತಂದೆಯ ಸ್ಮರಣಾರ್ಥವಾಗಿ ಅದನ್ನು ಕೊಟ್ಟರೆಂದು ಕೆತ್ತಲಾಗಿದ್ದು, ಆ ಹಿರಿಯರ ಹೆಸರಿನ ಮೇಲೆ ನನ್ನ ಎರಡೂ ಕಾಲುಗಳಿದ್ದವು. ಅದೇ ಗಳಿಗೆಗೆ ಸರಿಯಾಗಿ ನಗೆಕೂಟದ ಇಪ್ಪತ್ತು ಮಂದಿ ಕೈಗಳನ್ನು ಆಕಾಶಕ್ಕೆತ್ತಿ ನನ್ನ ಕಡೆಗೇ ಮುಖಮಾಡಿ ಹೋ ಹೋ ಹಾ ಹಾ ಎಂದು ನಗತೊಡಗಿದರು. ಅವರು ಆರೋಗ್ಯಕ್ಕಾಗಿ ನಗುತ್ತಿದ್ದರೋ ನನ್ನನ್ನು ನೋಡಿ ನಗುತ್ತಿದ್ದರೋ ಎಂದು ನಿರ್ಧರಿಸಲು ಇಂದಿಗೂ ನನ್ನಿಂದಾಗಿಲ್ಲ. ಆ ದಿನದ ನಗು ಎಂದಿಗಿಂತ ಐದು ನಿಮಿಷ ಹೆಚ್ಚು ನಡೆಯಿತೆಂಬುದಷ್ಟೇ ಗೊತ್ತು.

ಗುಂಡನ ಅಮ್ಮ ಅವಸರವಿಲ್ಲದೆ ಬಂದರು. "ಏನೂ ಮಾಡಲ್ಲ ಸಾರ್, ತುಂಬಾ ಫ್ರೆಂಡ್ಲಿ" ಎಂದರು. ಬಳಿಕ ಸೂಚನೆಗಳು ಒಂದೊಂದಾಗಿ ಬಂದವು. "ಓಡಬೇಡಿ ಸಾರ್, ಓಡಿದರೆ ಆಟ ಅಂದ್ಕೋತಾನೆ." "ಅವನ ಕಣ್ಣನ್ನೇ ನೋಡಬೇಡಿ ಸಾರ್." "ಹೆದರಬೇಡಿ ಸಾರ್, ಹೆದರಿದರೆ ಅವನಿಗೆ ವಾಸನೆ ಬರುತ್ತೆ." "ನಿಧಾನಕ್ಕೆ ಕೂತ್ಕೊಳ್ಳಿ, ನೀವು ಕೂತರೆ ಅವನೂ ಕೂರ್ತಾನೆ." ನಾನು ಕುಳಿತೆ, ಅವನು ಕೂರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಯೋಚಿಸಿದಾಗ ಹೊಳೆಯಿತು: ಅಷ್ಟೂ ಆಜ್ಞೆಗಳಲ್ಲಿ ಒಂದೂ ನಾಯಿಗೆ ಹೇಳಿದ್ದಾಗಿರಲಿಲ್ಲ. ಆ ಮುಂಜಾನೆ ತರಬೇತಿ ನಡೆದದ್ದು ನನಗೇ, ಮತ್ತು ನಾನು ಬಹುಮಟ್ಟಿಗೆ ತೇರ್ಗಡೆಯಾಗಿದ್ದೆ.

'ಏನೂ ಮಾಡಲ್ಲ' ಎಂಬ ಆ ಎರಡು ಪದಗಳೊಂದಿಗೆ ನನ್ನ ಲೆಕ್ಕ ಹಳೆಯದು. ಹಾಸನದ ಕಡೆಯ ನಮ್ಮ ಹಳ್ಳಿಯಲ್ಲಿ, ನನಗೆ ಒಂಬತ್ತು ವರ್ಷವಾಗಿದ್ದಾಗ, ಪಕ್ಕದ ಮನೆಯ ಜಗಲಿಯಲ್ಲಿ ಮಲಗಿದ್ದ ಕೆಂಚನೆಂಬ ನಾಯಿಯನ್ನು ದಾಟಿ ಮಜ್ಜಿಗೆ ತರಬೇಕಿತ್ತು. ನಾನು ಹಿಂಜರಿದಾಗ ಆ ಮನೆಯ ಯಜಮಾನರು ಹೇಳಿದ್ದೂ ಅದನ್ನೇ: "ಏನೂ ಮಾಡಲ್ಲ ಹೋಗ್ಲಾ." ಕೆಂಚ ಮೀನಖಂಡಕ್ಕೆ ಬಾಯಿ ಹಾಕಿತು. ಆಗ ಹುಚ್ಚುನಾಯಿ ರೋಗದ ಭಯಕ್ಕೆ ಹೊಟ್ಟೆಗೇ ಚುಚ್ಚುವ ಕಾಲ. ಹೊಕ್ಕಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಇಂಜೆಕ್ಷನ್. ಅಮ್ಮ ಹದಿನಾಲ್ಕು ದಿನವೂ ಬೆಳಗಿನ ಬಸ್ಸಿನಲ್ಲಿ ನನ್ನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಳು. ಬಂದ ಮೇಲೆ ಒಲೆಯ ಹಿಂದಿನ ಗೋಡೆಗೆ ಇದ್ದಿಲಿನಲ್ಲಿ ಒಂದು ಗೀಟು ಎಳೆಯುತ್ತಿದ್ದಳು. ಐದನೆಯ ದಿನದಿಂದಲೇ ನನ್ನ ಕೈ ಹಿಡಿದು, "ಇನ್ನು ಮೂರೇ ಕಣೋ ಗುಂಡಾ" ಎನ್ನಲು ಶುರುಮಾಡಿದಳು. ಗೀಟು ಎಣಿಸಲು ಬರುತ್ತಿದ್ದ ನಾನು ನಂಬಿದಂತೆ ನಟಿಸುತ್ತಿದ್ದೆ.

ಹೌದು, ಮನೆಯಲ್ಲಿ ನನ್ನ ಹೆಸರೂ ಗುಂಡ. ಹಾಗೆ ಕರೆಯುತ್ತಿದ್ದವರಲ್ಲಿ ಕೊನೆಯವಳು ಅಮ್ಮ, ಅವಳು ಹೋಗಿ ಹನ್ನೊಂದು ವರ್ಷವಾಯಿತು. ಉದ್ಯಾನಕ್ಕೆ ಬರತೊಡಗಿದ ಮೊದಲ ವಾರ, ಬೆಳಕು ಹರಿಯುವ ಮೊದಲೇ, ಹಿಂದಿನಿಂದ ಯಾರೋ ಹೆಂಗಸಿನ ದನಿ "ಗುಂಡಾ, ಅಲ್ಲೆಲ್ಲ ಹೋಗ್ಬೇಡ, ಬಾ, ಅಮ್ಮ ಕರೀತಿದೀನಲ್ಲ" ಎಂದಿತು. ನಾನು ನಿಂತುಬಿಟ್ಟೆ. ತಿರುಗಿ ನೋಡಲು ಸ್ವಲ್ಪ ಹೊತ್ತು ಬೇಕಾಯಿತು. ತಿರುಗಿದಾಗ ಕಂಡದ್ದು ಕೊರಳಲ್ಲಿ ಕೆಂಪು ಲೀಶು ಹಾಕಿಕೊಂಡ ಒಬ್ಬ ಅಪರಿಚಿತೆ, ಮತ್ತು ನನ್ನ ಬೂಟನ್ನು ಮೂಸುತ್ತಿದ್ದ ಒಂದು ಲ್ಯಾಬ್ರಡಾರ್. ಇದನ್ನು ನಾನು ಪಂಚಾಯಿತಿಯಲ್ಲಿ ಹೇಳಲಿಲ್ಲ.

ಪಂಚಾಯಿತಿ ನಡೆದದ್ದು ಕಳೆದ ಭಾನುವಾರ, ಅದೇ ಸ್ಮರಣಾರ್ಥದ ಬೆಂಚಿನ ಸುತ್ತ. ನಮ್ಮ ಪರವಾಗಿ ವಾದಿಸಿದವರು ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಹಿರಿಯರು. ಪ್ರಾಣಿಯನ್ನು ಸಾಕಿದವರು ಅದರಿಂದ ಮನುಷ್ಯನ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗುವ ಸಂಭವವಿದ್ದೂ ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಆರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಅವರು ಕಾಗದ ನೋಡದೆ ಹೇಳಿದರು. ಹಳೆಯ ದಂಡಸಂಹಿತೆಯಲ್ಲಿ ಇದೇ ಅಪರಾಧ 289 ಆಗಿದ್ದು ದಂಡ ಬರೀ 1,000 ಇತ್ತೆಂದು ಸೇರಿಸುವಾಗ ಅವರ ದನಿಯಲ್ಲಿ, ಬೇಳೆಯ ಬೆಲೆ ಏರಿದ್ದಕ್ಕೆ ಮರುಗುವವರ ದನಿಗೆ ತೀರ ಭಿನ್ನವಾದ ಒಂದು ಸಂತೋಷವಿತ್ತು. "ಜೀವಕ್ಕೆ ಅಪಾಯಾನಾ? ಇವನಿಂದಾನಾ?" ಎಂದು ಗುಂಡನ ಅಮ್ಮ ಕೇಳಿದರು. ಎಲ್ಲರೂ ಆರೋಪಿಯ ಕಡೆಗೆ ನೋಡಿದೆವು. ಅವನು ಹುಲ್ಲಿನ ಮೇಲೆ ಅಂಗಾತ ಮಲಗಿ, ನಾಲ್ಕೂ ಕಾಲುಗಳನ್ನು ಆಕಾಶಕ್ಕೆತ್ತಿ, ಶಿರಸ್ತೇದಾರರಿಂದಲೇ ಹೊಟ್ಟೆ ಕೆರೆಸಿಕೊಳ್ಳುತ್ತಿದ್ದ.

ಎದುರು ಪಕ್ಷಕ್ಕೆ ಶಿಟ್ಜು ತಳಿಯ ಪುಟ್ಟ ನಾಯಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ ಕೋಕೋನ ಅಪ್ಪ ವಕೀಲರಾದರು. ಸಾಫ್ಟ್‌ವೇರಿನ ಹುಡುಗ, ಎಲ್ಲ ಕಾನೂನೂ ಮೊಬೈಲಿನಲ್ಲಿತ್ತು. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಂತೆ ನಿವಾಸಿಗಳ ಸಂಘಗಳು ಉದ್ಯಾನಗಳಿಗೆ ಸಾಕುನಾಯಿ ಬರುವುದನ್ನೇ ನಿಷೇಧಿಸುವಂತಿಲ್ಲ, ಬೇಕಿದ್ದರೆ ಹೊತ್ತು ಗೊತ್ತುಮಾಡಿಕೊಳ್ಳಬಹುದು ಎಂದು ಅವನು ಓದಿದ. 2022ರ ಜುಲೈ 1ರಿಂದ ಕಬ್ಬನ್ ಪಾರ್ಕಿನಲ್ಲಿ ಸಾಕುನಾಯಿಗಳನ್ನು ನಿಲ್ಲಿಸಲು ಹೊರಟಿದ್ದ ತೋಟಗಾರಿಕೆ ಇಲಾಖೆಯೇ ನಾಯಿಪ್ರಿಯರ ಪ್ರತಿಭಟನೆ ಕಂಡು ಹಿಂದೆ ಸರಿಯಿತು, ಇನ್ನು ಈ ಮುಕ್ಕಾಲು ಎಕರೆಯ ಪಾರ್ಕಿನದೇನು ಎಂದ. ಆ ನಿಷೇಧದ ಮಾತು ಹುಟ್ಟಿದ್ದೇ ಲೀಶಿಲ್ಲದೆ ನಾಯಿ ಬಿಡುತ್ತಾರೆ, ಹೇಲು ಎತ್ತುವುದಿಲ್ಲ ಎಂಬ ದೂರಿನಿಂದಲ್ಲವೇ ಎಂದು ಯಾರೋ ಕೇಳಿದಾಗ ಮಾತ್ರ ಅವನಿಗೆ ನೆಟ್‌ವರ್ಕ್ ಸಿಗಲಿಲ್ಲ. ನನ್ನ ಹದಿನಾಲ್ಕು ಇಂಜೆಕ್ಷನ್ನಿನ ಕಥೆ ಕೇಳಿ ಅವನು ನಿಜವಾಗಿಯೂ ನೊಂದುಕೊಂಡು, "ಈಗ ಹೊಟ್ಟೆಗಲ್ಲ ಅಂಕಲ್, ತೋಳಿಗೆ. ಅದೂ ಐದೇ. ಸೊನ್ನೆ, ಮೂರು, ಏಳು, ಹದಿನಾಲ್ಕು, ಇಪ್ಪತ್ತೆಂಟನೇ ದಿನ" ಎಂದು ಸಮಾಧಾನ ಹೇಳಿದ. ಇಷ್ಟು ಕರಾರುವಾಕ್ಕಾದ ಸಮಾಧಾನವನ್ನು ನಾನು ಈವರೆಗೆ ಪಡೆದಿರಲಿಲ್ಲ.

ಕೊನೆಗೆ ಎಲ್ಲರೂ ಗೇಟಿನ ಫಲಕ ನೋಡಲು ಹೊರಟೆವು. ನಾಯಿಗೆ ಲೀಶು ಕಡ್ಡಾಯವೆಂದು ಅಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಆದರೆ ಅದರ ಮೇಲಿನ ಸಾಲು 'ಹೂ ಕೀಳಬಾರದು' ಎಂದಿತ್ತು. ನಮ್ಮ ಪಕ್ಷದ ಆರೇಳು ಮಂದಿ ಪೂಜೆಯ ಹೂವಿನ ಕವರುಗಳನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ನನ್ನ ಜೇಬಿನಲ್ಲಿಯೂ ನಾಲ್ಕು ಕಣಗಿಲೆ ಇದ್ದವು. ವಾದದ ಬಿರುಸು ಅಲ್ಲಿಂದ ಕಡಿಮೆಯಾಯಿತು.

ಅಷ್ಟರವರೆಗೆ ಸುಮ್ಮನಿದ್ದ ಇತಿಹಾಸದ ನಿವೃತ್ತ ಮೇಷ್ಟರು ಆಗ ಆತಕೂರಿನ ವೀರಗಲ್ಲಿನ ವಿಷಯ ತೆಗೆದರು. ಮದ್ದೂರಿನ ಕಡೆಯ ಆ ಕಲ್ಲು ಈಗ ಕಬ್ಬನ್ ಪಾರ್ಕಿನ ಮಗ್ಗುಲಿನ ಸರ್ಕಾರಿ ವಸ್ತುಸಂಗ್ರಹಾಲಯದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ಮೆಚ್ಚಿ ಏನು ಬೇಕೆಂದಾಗ ಮಣಲೇರನೆಂಬ ವೀರ ಹೊನ್ನು ಮಣ್ಣು ಬಿಟ್ಟು ಕಾಳಿಯೆಂಬ ನಾಯಿಯನ್ನು ಕೇಳಿ ಪಡೆದ; ಅದು ಕಾಡುಹಂದಿಯೊಂದಿಗೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಾಗ ಸುಮಾರು 950ರಲ್ಲಿ ಕಲ್ಲು ನಿಲ್ಲಿಸಿದ. ಗುಂಡನ ಅಮ್ಮನ ಕಣ್ಣು ತುಂಬಿಬಂತು. "ಅಷ್ಟಕ್ಕೇ ಮುಗೀಲಿಲ್ಲಮ್ಮ" ಎಂದರು ಮೇಷ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟುತ್ತದೆಂದು ಶಾಸನದ ಕೊನೆಯಲ್ಲಿದೆಯಂತೆ. ನಾಯಿಯ ತಪ್ಪು ಅದನ್ನು ನೋಡಿಕೊಳ್ಳುವವರ ತಲೆಗೆ ಬರುವುದು ಸಾವಿರ ವರ್ಷದ ಹಿಂದೆಯೇ ಕಲ್ಲಿನಲ್ಲಿ ಕೊರೆದ ಸಂಗತಿ ಎಂದು ತಿಳಿದ ಶಿರಸ್ತೇದಾರರು, ಅದರ ಕಲಮಿನ ಸಂಖ್ಯೆ ಎಷ್ಟೆಂದು ಕೇಳಿದರು.

ರಾಜಿಯಾಯಿತು. ನಾಳೆಯಿಂದ ಲೀಶು ಗುಂಡನ ಕೊರಳಿಗೇ ಹೋಗತಕ್ಕದ್ದೆಂದು ಗುಂಡನ ಅಮ್ಮ ಎಲ್ಲರೆದುರು ಒಪ್ಪಿದರು. ಅವರು ಮಾತಿಗೆ ತಪ್ಪಿದರೆಂದು ನಾನು ಹೇಳಲಾರೆ.

ಇಂದು ಬೆಳಗ್ಗೆ ರಾತ್ರಿಯ ಮಳೆಗೆ ಹಾದಿಯೆಲ್ಲ ಕೆಸರಾಗಿತ್ತು. ಎರಡನೆಯ ಸುತ್ತಿನಲ್ಲಿ ಗುಂಡ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ. ಕೆಂಪು ಲೀಶು ಅವನ ಕೊರಳಪಟ್ಟಿಗೆ ನ್ಯಾಯಬದ್ಧವಾಗಿ ಸಿಕ್ಕಿಸಲ್ಪಟ್ಟಿತ್ತು. ಅದರ ಇನ್ನೊಂದು ತುದಿ ಅವನ ಬಾಯಲ್ಲೇ ಇತ್ತು. ತನ್ನನ್ನು ತಾನೇ ವಾಕಿಂಗಿಗೆ ಕರೆದುಕೊಂಡು ಹೊರಟ ಹಿರಿಯ ಅಧಿಕಾರಿಯಂತೆ ಅವನು ಗಂಭೀರವಾಗಿ ಸಾಗುತ್ತಿದ್ದ. ಅವನ ಅಮ್ಮ ನಮ್ಮಿಬ್ಬರಿಗಿಂತ ಬಹಳ ಹಿಂದೆ, ಖಾಲಿ ಕೊರಳಿನಲ್ಲಿ, ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತ ಬರುತ್ತಿದ್ದರು. ಶಿರಸ್ತೇದಾರರಿಗೆ ಇದನ್ನು ತೋರಿಸಬೇಕೆಂದು ನಾನು ಸುತ್ತ ನೋಡುತ್ತಿರುವಾಗಲೇ ಹಿಂದಿನಿಂದ ಕೂಗು ಬಂತು.

"ಗುಂಡಾ!"

ನಾವಿಬ್ಬರೂ ಒಟ್ಟಿಗೇ ತಿರುಗಿದೆವು. ಅವನು ಬಾಯಿಂದ ಲೀಶನ್ನು ಕೆಳಗೆ ಹಾಕಿ, ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಎರಡೂ ಮುಂಗಾಲುಗಳನ್ನು ನನ್ನ ಪೈಜಾಮದ ಮೇಲೆ ಇಟ್ಟ.