ವಾರ್ನಿಶ್ ಹಾಕಿದ ದಿಮ್ಮಿಯಲ್ಲಿ ಅಣಬೆ ಏಳುವುದಿಲ್ಲ ಮಾರಾಯ್ರೆ

ಮೊನ್ನೆ ಆದಿತ್ಯವಾರ ಮಂಗಳೂರಿನ ಒಂದು ಸಸ್ಯಮೇಳದಲ್ಲಿ ನೋಡಿದ್ದು. ಮೊಳ ಉದ್ದದ ಮರದ ತುಂಡು. ತೊಗಟೆ ನೀಟಾಗಿ ಸುಲಿದು, ಮೇಲೆ ವಾರ್ನಿಶ್ ಬೇರೆ! ಸೊಂಟಕ್ಕೊಂದು ಗುಲಾಬಿ ರಿಬ್ಬನ್. ಚೀಟಿಯಲ್ಲಿ ಬರೆದದ್ದು: "ಶೀಟಾಕೆ ದಿಮ್ಮಿ. ಕರಾವಳಿ ಹವೆಗೆ ಸೂಕ್ತ. 45 ದಿನಕ್ಕೆ ಕೊಯ್ಲು." ಬೆಲೆ 1,200 ರೂಪಾಯಿ. ನನ್ನ ಕಣ್ಣೆದುರೇ ಇಬ್ಬರು ಎರಡೆರಡು ಕೊಂಡುಹೋದರು. ನನ್ನ ಬಾಯಿ ನಿಮಗೆ ಗೊತ್ತುಂಟಲ್ಲ, ಜೊತೆಗಿದ್ದವರು ಕೈ ಹಿಡಿದು ಎಳೆಯದಿದ್ದರೆ ಅಲ್ಲೇ ಒಂದು ತಾಳಮದ್ದಳೆ ಆಗ್ತಿತ್ತು. ಅಲ್ಲಿ ಆಗದ್ದು ಇಲ್ಲಿ.

ಶೀಟಾಕೆ ಚಳಿ ಊರಿನ ಅಣಬೆ. ಓಕ್ ಮರದ ದಿಮ್ಮಿ ಅದರ ಮನೆ. ಬೀಜ, ಅಂದರೆ ಕಾಳು ಅಥವಾ ಗೂಟದ ಮೇಲೆ ಬೆಳೆಸಿದ ಶಿಲೀಂಧ್ರ, ತುಂಬಿಸಿದ ಮೇಲೆ ಅದು ದಿಮ್ಮಿಯೊಳಗೆ ಹಬ್ಬುವುದಕ್ಕೇ ಆರು ತಿಂಗಳಿಂದ ಒಂದೂವರೆ ವರ್ಷ ಬೇಕು. 45 ದಿನ ಅಂತೆ! ಹಬ್ಬಿದ ಮೇಲೂ ಹೆಚ್ಚಿನ ತಳಿಗಳು ತಲೆ ಎತ್ತುವುದು 10ರಿಂದ 20 ಡಿಗ್ರಿ ತಂಪಿನಲ್ಲಿ. ನಮ್ಮಲ್ಲಿ ಜನವರಿಯ ನಸುಕಿನಲ್ಲೂ 20ರ ಆಸುಪಾಸು, ಹತ್ತು ಗಂಟೆಗೆ ಬನಿಯನ್ ಹಿಂಡಬೇಕು.

"ಸೆಕೆ ತಡೆಯುವ ತಳಿಯೂ ಉಂಟಲ್ಲ" ಅಂತ ಯಾರಾದರೂ ಹೇಳುವವರೇ. ಉಂಟು, 25 ಡಿಗ್ರಿಯ ಹತ್ತಿರ ಬರುವಂಥವು ಉಂಟು. ಆದರೆ ಅಣಬೆ ಏಳುವಂತೆ ದಿಮ್ಮಿಯನ್ನು ಎಬ್ಬಿಸಲು 12ರಿಂದ 24 ಗಂಟೆ ತಣ್ಣೀರಲ್ಲಿ ಮುಳುಗಿಸಬೇಕು. ನಮ್ಮ ಬಾವಿ ನೀರು ಅದಕ್ಕೆ ತಣ್ಣೀರಲ್ಲ, ಉಗುರುಬೆಚ್ಚಗಿನ ಸ್ನಾನ. ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಬಂಗುಡೆ ಪಕ್ಕ ಮಲಗಿಸ್ತೀರಾದರೆ ನನ್ನದೇನೂ ತಕರಾರಿಲ್ಲ.

ಇನ್ನು ಆ ಬೋಳು ದಿಮ್ಮಿ. ತೊಗಟೆ ಅಂದರೆ ಅಣಬೆ ದಿಮ್ಮಿಗೆ ಚರ್ಮ. ಒಳಗಿನ ಪಸೆ ಹಿಡಿದಿಡುವುದು ಅದು, ಹೊರಗಿನ ಬೂಸ್ಟನ್ನು ತಡೆಯುವುದೂ ಅದೇ. ಅದನ್ನು ಸುಲಿದು ವಾರ್ನಿಶ್ ಬಳಿದವನಿಗೆ ಅಣಬೆ ಗೊತ್ತಿಲ್ಲ, ಶೋಕೇಸ್ ಗೊತ್ತು.

ಹಾಗಾದರೆ ನಮ್ಮ ಹಿತ್ತಿಲಲ್ಲಿ ದಿಮ್ಮಿ ಅಣಬೆ ಸಾಧ್ಯವೇ ಇಲ್ಲವಾ? ಧಾರಾಳ ಸಾಧ್ಯ. ಆದರೆ ಮರ ಮಾವಿನದು, ಅಣಬೆ ಕಿವಿ ಅಣಬೆ ಅಥವಾ ಚಿಪ್ಪಣಬೆ (ಆಯ್ಸ್ಟರ್). ಚಿಪ್ಪಣಬೆಯಲ್ಲೂ ಗುಲಾಬಿ ಬಣ್ಣದ್ದು ಸೆಕೆಗೆ ಹೆದರುವುದಿಲ್ಲ. ಫ್ಲೋರಿಡಾ ಎಂಬ ಬಿಳಿ ಚಿಪ್ಪಣಬೆ 30 ಡಿಗ್ರಿ ದಾಟಿದರೆ ಮುನಿಸಿಕೊಳ್ತದೆ, ಅದಕ್ಕೆ ಮಳೆಗಾಲವೇ ಸರಿ. ರಬ್ಬರ್ ಮರವೂ ಒಳ್ಳೆಯದು. ಆದರೆ ಅದರಲ್ಲಿ ಸಕ್ಕರೆ, ಪಿಷ್ಟ ಜಾಸ್ತಿ, ಕಡಿದು ಕೆಲವೇ ದಿನದಲ್ಲಿ ನೀಲಿ ಬೂಸ್ಟು ಹಿಡಿಯುತ್ತದೆ. ತಡ ಮಾಡುವ ಹಾಗಿಲ್ಲ. ತೇಗ ಬೇಡ. ಹಲಸಿನ ಹಳದಿ ಚೇಗು ಅಣಬೆಗೂ ಜಗ್ಗುವುದಿಲ್ಲ. ತೆಂಗು, ಅಡಿಕೆ ಕಾಂಡಕ್ಕೆ ಇಂಥ ತೊಗಟೆಯೇ ಇಲ್ಲ, ತೂತು ಕೊರೆದು ಕೂತರೆ ಕೈ ನೋವು ಮಾತ್ರ.

ಕಡಿಯುವುದು ಡಿಸೆಂಬರ್-ಜನವರಿ, ಕೊಂಬೆ ಹೊಸ ಚಿಗುರು ಬಿಡುವ ಮೊದಲು. ಚಿಗುರುವಾಗ ಕಡಿದರೆ ತೊಗಟೆ ಸಡಿಲಾಗಿ ಬಿಟ್ಟುಕೊಳ್ತದೆ. (ಮತ್ತೆ ತೊಗಟೆ. ಹೌದು, ಹೇಳ್ತಾನೇ ಇರ್ತೇನೆ.) ನಾಲ್ಕರಿಂದ ಆರು ಇಂಚು ದಪ್ಪ, ಮೂರು ಅಡಿ ಉದ್ದ ಸಾಕು. ಮಾವಿನ ದಿಮ್ಮಿಯನ್ನು ನೆರಳಲ್ಲಿ ಎರಡು ವಾರ ಬಿಡಿ. ಹಸಿ ಮರದ ಜೀವಕೋಶ ಶಿಲೀಂಧ್ರದೊಡನೆ ಹೋರಾಡ್ತದೆ, ಆ ಜೋರು ಇಳಿಯಬೇಕು. ತಿಂಗಳಿಗಿಂತ ಹೆಚ್ಚು ಬಿಟ್ಟರೆ ಕಾಡು ಶಿಲೀಂಧ್ರ ಮೊದಲು ಒಕ್ಕಲಾಗುತ್ತದೆ.

ಬೀಜದ್ದೇ ದೊಡ್ಡ ಎಡವಟ್ಟು. ನಮ್ಮಲ್ಲಿ ಸುಲಭಕ್ಕೆ ಸಿಗುವುದು ಜೋಳದ ಕಾಳಿನ ಮೇಲೆ ಬೆಳೆಸಿದ್ದು. ಹೆಸರಘಟ್ಟದ ಐಐಎಚ್‌ಆರ್‌ನ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ಅಣಬೆ ಪ್ರಯೋಗಾಲಯ ಬೀಜ ಕೊಡುತ್ತದೆ. ಕಾಳನ್ನು ನೇರ ತೂತಿಗೆ ತುಂಬಿದಿರೋ, ರಾತ್ರಿಯೇ ಇಲಿಗೆ ಊಟ, ಉಳಿದದ್ದು ಇರುವೆಗೆ. ಹಾರ್ಡ್‌ವೇರ್ ಅಂಗಡಿಯ 8 ಮಿ.ಮೀ. ಮರದ ಡೊವೆಲ್ (ಸಣ್ಣ ಗೂಟ) ತನ್ನಿ, ರಾತ್ರಿ ನೆನೆಸಿ, ಪ್ರೆಶರ್ ಕುಕ್ಕರಿನಲ್ಲಿ ಒಂದೂವರೆ ಗಂಟೆ ಬೇಯಿಸಿ, ಪೂರ್ತಿ ಆರಿದ ಮೇಲೆ ಶುದ್ಧ ಚೀಲದಲ್ಲಿ ಕಾಳುಬೀಜದ ಜೊತೆ ಬೆರೆಸಿ, ಬಾಯಿಗೆ ಹತ್ತಿ ತುರುಕಿ ಕತ್ತಲಲ್ಲಿಡಿ. ಮೂರು-ನಾಲ್ಕು ವಾರಕ್ಕೆ ಗೂಟಕ್ಕೆಲ್ಲ ಬಿಳಿ ಕಂಬಳಿ ಹೊದ್ದ ಹಾಗೆ ಆಗ್ತದೆ. ಹಸಿರು ಬೂಸ್ಟು ಕಂಡರೆ ಚೀಲವನ್ನೇ ಎಸೆಯಿರಿ, ಮನೆಯೊಳಗೆ ಬಿಚ್ಚಬೇಡಿ. ಗೂಟ ಸಿದ್ಧವಾಗುವ ಹೊತ್ತಿಗೆ ಮರ ಕಡಿಯಿರಿ, ಮೊದಲೇ ಅಲ್ಲ.

8.5 ಮಿ.ಮೀ. ಬಿಟ್‌ನಲ್ಲಿ ಒಂದೂಕಾಲು ಇಂಚು ಆಳ ಕೊರೆಯಿರಿ. ಒಂದು ಸಾಲಲ್ಲಿ ಆರಿಂಚಿಗೊಂದು ತೂತು, ಎರಡೂವರೆ ಇಂಚು ಬಿಟ್ಟು ಮುಂದಿನ ಸಾಲು, ತೂತುಗಳು ಒಂದರ ಪಕ್ಕ ಒಂದು ಬಾರದ ಹಾಗೆ. ಐದಿಂಚಿನ ದಿಮ್ಮಿಗೆ ಮೂವತ್ತು ಚಿಲ್ಲರೆ ಗೂಟ ಹಿಡಿಯುತ್ತದೆ. ಸುತ್ತಿಗೆಯಲ್ಲಿ ಮಟ್ಟಸ ಹೊಡೆದು, ಮೇಲೆ ಕರಗಿಸಿದ ಜೇನುಮೇಣ. ಬರೀ ಮೇಣದಬತ್ತಿ ಕರಗಿಸಿ ಹಚ್ಚಿದರೆ ಸೀಳಿ ಉದುರಿಹೋಗ್ತದೆ. ಮೇಣವನ್ನು ನೇರ ಉರಿಯ ಮೇಲೆ ಇಡಬೇಡಿ, ನೀರಿನ ಪಾತ್ರೆಯೊಳಗೆ ಡಬ್ಬ ಇಟ್ಟು ಕರಗಿಸಿ.

ಆಮೇಲೆ ಗೆದ್ದಲು. ಹೊರಗಿನ ವಿಡಿಯೋಗಳಲ್ಲಿ ದಿಮ್ಮಿಯನ್ನು ಸೀದಾ ನೆಲಕ್ಕೆ ಒರಗಿಸ್ತಾರೆ. ನಮ್ಮ ಮಣ್ಣಿನಲ್ಲಿ ಹಾಗೆ ಮಾಡಿದರೆ ಮಾರ್ಚ್ ಒಳಗೆ ತೊಗಟೆಯ ಕೆಳಗೆ ಮಣ್ಣಿನ ಸುರಂಗ. ಎರಡು ಮುರಕಲ್ಲು, ಅದರ ಮೇಲೆ ನೀರು ತುಂಬಿದ ತಗಡಿನ ತಟ್ಟೆ, ತಟ್ಟೆಯೊಳಗೆ ಇಟ್ಟಿಗೆ, ಇಟ್ಟಿಗೆ ಮೇಲೆ ದಿಮ್ಮಿ. ಗೋಡೆಗೆ ತಾಗಬಾರದು. ಗೆದ್ದಲಿಗೆ ಔಷಧ ಹೊಡೆಯುವ ಮಹಾನುಭಾವರೂ ಇದ್ದಾರೆ. ಸ್ವಾಮೀ, ಅದೇ ದಿಮ್ಮಿಯಿಂದ ಬಂದದ್ದನ್ನು ನೀವೇ ಸುಕ್ಕ ಮಾಡಿ ತಿನ್ನುವುದಲ್ವಾ?

ಫೆಬ್ರವರಿಯಿಂದ ಮೇ ತನಕ ಗಟ್ಟಿ ನೆರಳು. ವಾರಕ್ಕೆರಡು ಸಲ ಹದಿನೈದು ನಿಮಿಷ ಚೆನ್ನಾಗಿ ನೆನೆಯುವ ಹಾಗೆ ನೀರು. ದಿನಾ ಚಿಮುಕಿಸುವುದು ಬೇಡ, ಮಧ್ಯೆ ತೊಗಟೆ ಒಣಗದಿದ್ದರೆ ಬೂಸ್ಟು. ಜೂನ್ ಬಂತೆಂದು ಮಾಡಿನ ನೀರು ಬೀಳುವ ಕಡೆ ಇಟ್ಟರೂ ಹಾಳು, ಗಾಳಿ ಸಿಗದೆ ಒಳಗೆ ಉಸಿರು ಕಟ್ಟುತ್ತದೆ. ಕಡಿದ ತುದಿಯಲ್ಲಿ ಬಿಳಿ ಮಚ್ಚೆ ಕಂಡರೆ ಒಳಗೆ ಹಬ್ಬಿದೆ ಅಂತ ಲೆಕ್ಕ. ಮೊದಲ ಮಳೆಗಾಲದಲ್ಲಿ ಬಂದರೆ ಬಂತು, ಮಾವು ಮೆತ್ತಗಿನ ಮರ, ಎರಡು-ಮೂರು ಮಳೆಗಾಲ ಕೊಟ್ಟೀತು. ಬಸವನಹುಳಕ್ಕೆ ರಾತ್ರಿ ಟಾರ್ಚ್ ಹಿಡಿದು ಹೋಗಲೇಬೇಕು. ಚಿಪ್ಪಣಬೆಯನ್ನು ಅಂಚು ಮೇಲಕ್ಕೆ ಮಡಚುವ ಮೊದಲೇ ಕೊಯ್ಯಿರಿ.

"ಬೈಹುಲ್ಲಿನ ಚೀಲದಲ್ಲಿ ತಿಂಗಳೊಳಗೆ ಬರ್ತದಲ್ಲ, ಇಷ್ಟು ಕಷ್ಟ ಯಾಕೆ?" ಒಪ್ಪಿದೆ, ಬೇಗ ಬರ್ತದೆ. ಆದರೆ ಪ್ರತಿ ಸಲ ಹುಲ್ಲು ಕತ್ತರಿಸು, ನೆನೆಸು, ಬಿಸಿ ನೀರಲ್ಲಿ ಅದ್ದು, ಹೊಸ ಪ್ಲಾಸ್ಟಿಕ್ ತರು. ಅವಸರದವರು ಅದನ್ನೇ ಮಾಡಿ, ನನ್ನನ್ನು ಕೇಳಬೇಡಿ.

ದಿಮ್ಮಿಯಲ್ಲಿ ಕಲ್ಲಣಬೆ (ಮಣ್ಣು ಕೆದಕಿ ತೆಗೆಯುವ ಗುಂಡು ಅಣಬೆ) ಬೆಳೆಸಬಹುದಾ ಅಂತ ಕೇಳುವವರಿಗೂ ಈಗಲೇ ಉತ್ತರ: ಇಲ್ಲ. ಅದು ಬೋಗಿ ಮರದಂಥ ಜೀವಂತ ಮರಗಳ ಬೇರಿನ ನೆಂಟ. ಗುಡುಗಿಗೆ ಹುತ್ತದಲ್ಲಿ ಏಳುವ ಅಣಬೆ ಗೆದ್ದಲು ಸಾಕಿದ್ದು. ಎರಡಕ್ಕೂ ಸತ್ತ ದಿಮ್ಮಿ ಬೇಡ.

ಆ ರಿಬ್ಬನ್ ದಿಮ್ಮಿ ಕೊಂಡವರು ಇದನ್ನು ಓದುತ್ತಿದ್ದರೆ, ಟಿ.ವಿ. ಪಕ್ಕ ಇಡಿ, ಚಂದ ಕಾಣ್ತದೆ. ಅಪ್ಪಿತಪ್ಪಿ ಅದರಲ್ಲಿ ಏನಾದರೂ ಮೊಳೆತರೆ ಶೀಟಾಕೆ ಅಂದುಕೊಂಡು ಬಾಣಲೆಗೆ ಹಾಕಬೇಡಿ. ಅರಿಶಿನ ಕಪ್ಪಾಗಲಿಲ್ಲ, ಬೆಳ್ಳಿ ಕಪ್ಪಾಗಲಿಲ್ಲ, ಹಾಗಾಗಿ ವಿಷವಲ್ಲ ಎಂಬ ಪರೀಕ್ಷೆ ಎಲ್ಲ ಸುಳ್ಳು. ಒಂದು ಫೋಟೋ ಹಾಕಿ, ನೋಡುವ.