ಯಾವ ನೀರು ಸರ್?

ನೀರು ಅಂದ್ರೆ ನೀರು ಎಂದೇ ಇಷ್ಟು ವರ್ಷ ನಂಬಿಕೊಂಡಿದ್ದೆ. ಒಂದು ರಾತ್ರಿ ನಮ್ಮ ಮನೆಯ ಹಿಂದಿನ ಕೋಣೆಗೆ ಮೊಣಕಾಲುದ್ದ ನೀರು ನುಗ್ಗಿತು. ಮಾರನೇ ದಿನ ವಿಮಾ ಕಂಪನಿಯ ಸರ್ವೇಯರ್ ಬಂದು ನನ್ನ ಅಜ್ಞಾನ ಕಳೆದರು.

ಅವರು ಷೂ ಬಿಚ್ಚಿಟ್ಟು, ಪ್ಯಾಂಟು ಮಡಚಿ, ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಒದ್ದೆ ಗುರುತಿನ ಮೇಲೆ ಬೆರಳಾಡಿಸಿದರು. ಆ ಬೆರಳನ್ನು ಮೂಸಿ ನೋಡಿದರು. ಆಮೇಲೆ ತಲೆಯೆತ್ತಿ ಕೇಳಿದರು: "ಇದು ಯಾವ ನೀರು ಸರ್?"

"ನೀರೇ ಸರ್. ಬರೀ ನೀರು."

"ಹಾಗಲ್ಲ. ಮೇಲಿಂದ ಬಂತಾ, ಕೆಳಗಿಂದ ಬಂತಾ?"

ಆಗ ತಿಳಿಯಿತು, ಪಾಲಿಸಿಯೊಳಗೆ ನೀರಿಗೂ ಕುಲಗೋತ್ರ ಇದೆ ಅಂತ. ಪೈಪ್ ಒಡೆದು ಇದ್ದಕ್ಕಿದ್ದಂತೆ ಚಿಮ್ಮಿದ ನೀರು ಒಳ್ಳೆ ಮನೆತನದ್ದು. ಮನೆ ವಿಮೆಯಲ್ಲಿ ಸಾಮಾನ್ಯವಾಗಿ ಅದಕ್ಕೆ ಜಾಗ ಉಂಟು. ಅದೇ ಪೈಪ್ ಆರು ತಿಂಗಳಿಂದ ತೊಟ್ಟಿಕ್ಕುತ್ತಿದ್ದರೆ ಅದು ಜಿನುಗು ನೀರು. ಅದನ್ನು ನೋಡಿಕೊಳ್ಳಬೇಕಾದವರು ನೀವು, ಕಂಪನಿ ಅಲ್ಲ. ಬಿರುಗಾಳಿಗೆ ಛಾವಣಿ ಕಿತ್ತು ಆ ಸಂದಿಯಿಂದ ಸುರಿದ ಮಳೆಗೆ ದುಡ್ಡು ಸಿಗಬಹುದು. ಅದೇ ಮಳೆ ನೆಲಕ್ಕೆ ಬಿದ್ದು, ನಾಲ್ಕು ಕಡೆಯಿಂದ ಸೇರಿ, ನಿಮ್ಮ ಹೊಸ್ತಿಲು ದಾಟಿತೋ, ಅದರ ಹೆಸರು ಪ್ರವಾಹ. ಅದಕ್ಕೆ ಎಷ್ಟೋ ಕಡೆ ಬೇರೆಯೇ ಪಾಲಿಸಿ ಬೇಕು. ಇದರಲ್ಲಿ ಒಂದು ಲೆಕ್ಕ ಇದೆ, ಒಪ್ಪುತ್ತೇನೆ. ಪೈಪ್ ಒಡೆದರೆ ಒಂದು ಮನೆ ಒದ್ದೆ. ನದಿ ಉಕ್ಕಿದರೆ ಊರಿಗೆ ಊರೇ ಒಂದೇ ದಿನ ಕ್ಲೇಮ್ ಹಾಕುತ್ತದೆ. ಆದರೆ ಪಾಲಿಸಿ ಮಾರುವಾಗ ಈ ಲೆಕ್ಕ ಯಾರೂ ಹೇಳುವುದಿಲ್ಲ. ಆಗ "ಎಲ್ಲಾ ಕವರ್ ಆಗುತ್ತೆ ಸರ್" ಎಂಬ ಒಂದೇ ಮಾತು.

ನಮ್ಮ ಗ್ರಹಚಾರಕ್ಕೆ ಆ ರಾತ್ರಿ ಟ್ಯಾಂಕಿನ ಪೈಪೂ ಒಡೆದಿತ್ತು, ಚರಂಡಿಯೂ ಉಕ್ಕಿತ್ತು.

"ಯಾವುದು ಮೊದಲು ಸರ್?"

"ನಾನು ಮಲಗಿದ್ದೆ."

ಸರ್ವೇಯರ್ ಅದನ್ನೂ ಬರೆದುಕೊಂಡರು.

ಇದೇ ಪ್ರಶ್ನೆಗೆ 2005ರಲ್ಲಿ ಅಮೆರಿಕದ ಎಷ್ಟೋ ಕುಟುಂಬಗಳು ಉತ್ತರ ಹುಡುಕಿದವು. ಕತ್ರಿನಾ ಚಂಡಮಾರುತ ಬಂದು ಹೋದ ಮೇಲೆ ಕೆಲವರ ಮನೆಯಲ್ಲಿ ಉಳಿದದ್ದು ತಳಪಾಯ ಮಾತ್ರ. ಅಲ್ಲಿನ ಮನೆ ವಿಮೆಯಲ್ಲಿ ಸಾಮಾನ್ಯವಾಗಿ ಗಾಳಿಗೆ ಪರಿಹಾರ ಉಂಟು, ಪ್ರವಾಹಕ್ಕೆ ಇಲ್ಲ. ಈಗ ಗಾಳಿಯೇ ಕೆಡವಿದ್ದು ಎಂದು ತೋರಿಸಿ ಎಂದರೆ ತೋರಿಸಲು ಗೋಡೆಯೇ ಇಲ್ಲ. ವರ್ಷಗಟ್ಟಲೆ ಕೋರ್ಟುಗಳಲ್ಲಿ ಗಾಳಿ ಮತ್ತು ನೀರು ಕಟಕಟೆ ಹತ್ತಿದವು.

ಎಣಿಕೆಯ ಕಥೆಯೂ ಅಷ್ಟೇ. 2001ರಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಬಿದ್ದಾಗ ಎರಡು ವಿಮಾನ ಬಡಿದದ್ದನ್ನು ಜಗತ್ತೇ ನೋಡಿತು. ಆದರೆ ವಿಮೆಯ ಪ್ರಕಾರ ಅದು ಒಂದು ಘಟನೆಯೋ, ಎರಡೋ? ಒಂದಾದರೆ ಪರಿಹಾರದ ಮಿತಿ ಒಂದು ಸಲ, ಎರಡಾದರೆ ಎರಡು ಸಲ. 2004ರಲ್ಲಿ ಕೋರ್ಟಿನ ಒಂದು ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) ಕೆಲವು ಕಂಪನಿಗಳ ಮಟ್ಟಿಗೆ ಒಂದೇ ಎಂದಿತು. ಅದೇ ವರ್ಷ ಇನ್ನೊಂದು ಜ್ಯೂರಿ ಬೇರೆ ಕೆಲವು ಕಂಪನಿಗಳ ಮಟ್ಟಿಗೆ ಎರಡು ಎಂದಿತು. ಪಾಲಿಸಿಯ ಒಕ್ಕಣೆ ಬದಲಾದರೆ ಲೆಕ್ಕವೂ ಬದಲಾಗುತ್ತದೆ, ಅಷ್ಟೇ.

ಸರಿ, ಹಿಂದಿನ ಕೋಣೆಗೆ ಬರೋಣ. ಅಲ್ಲಿ ನನ್ನ ಪುಟ್ಟ ಪ್ರೆಸ್ಸಿನ ಕಾಗದದ ಬಂಡಲುಗಳಿದ್ದವು. ಪ್ರೆಸ್ಸಿನಲ್ಲಿ ಜಾಗ ಸಾಲದೆ ಮನೆಗೆ ತಂದು ಇಟ್ಟಿದ್ದೆ. ಮನೆ ಪಾಲಿಸಿಯನ್ನು ಕೇಳಿದರೆ "ಇದು ವ್ಯಾಪಾರದ ಮಾಲು, ನಮಗೆ ಸೇರಲ್ಲ" ಎಂದಿತು. ಪ್ರೆಸ್ಸಿನ ಪಾಲಿಸಿಯನ್ನು ಕೇಳಿದರೆ "ಮಾಲು ನಮೂದಿಸಿದ ವಿಳಾಸದಲ್ಲಿಲ್ಲ" ಎಂದಿತು. ಎರಡು ಪಾಲಿಸಿಗೂ ತಪ್ಪದೆ ಕಂತು ಕಟ್ಟಿದ್ದೆ. ಬಂಡಲುಗಳು ಎರಡರ ನಡುವೆ, ನೀರಲ್ಲಿ, ಊದಿಕೊಂಡು ಕೂತಿದ್ದವು.

ಹೋಗಲಿ, ಮನೆ ಸಾಮಾನಿಗಾದರೂ ದುಡ್ಡು ಬರುತ್ತದಲ್ಲ ಅಂದುಕೊಂಡೆ. ಅಲ್ಲಿ ಸರ್ವೇಯರ್ ಕ್ಯಾಲ್ಕುಲೇಟರ್ ತೆಗೆದರು. ಕಂತು ಉಳಿಸಲು 100ರ ಸಾಮಾನನ್ನು 50 ಎಂದು ಬರೆಸಿದ್ದ ಜಾಣ ನಾನು. ಈಗ 40ರಷ್ಟು ಹಾಳಾಗಿದೆ. 50ಕ್ಕೆ ವಿಮೆ ಇದೆ, 40 ಪೂರ್ತಿ ಸಿಗಬೇಕು, ಅಲ್ವಾ? ಇಲ್ಲ. ಅರ್ಧಕ್ಕೆ ವಿಮೆ ಮಾಡಿಸಿದವನಿಗೆ ನಷ್ಟದ ಅರ್ಧ. ಅಂದರೆ 20. ಉಳಿದರ್ಧಕ್ಕೆ ನನಗೆ ನಾನೇ ವಿಮಾ ಕಂಪನಿಯಂತೆ. ಇದಕ್ಕೆ ಆವರೇಜ್ ಷರತ್ತು ಎನ್ನುತ್ತಾರೆ. ಅದರ ಮೇಲೆ ಪ್ರತಿ ಕ್ಲೇಮಿನಲ್ಲೂ ಮೊದಲ ಇಷ್ಟು ನಷ್ಟ ನಾವೇ ಹೊರಬೇಕು ಎಂಬ ಕರಾರು ಬೇರೆ. ಸವಕಳಿಯ ಲೆಕ್ಕ ಇನ್ನೂ ಶುರುವಾಗಿರಲಿಲ್ಲ. ಹತ್ತು ವರ್ಷದ ಬೀರುವಿಗೆ ಹತ್ತು ವರ್ಷದ ಬೀರುವಿನ ಬೆಲೆ. ಹಳೇದಕ್ಕೆ ಹೊಸದು ಕೊಡುವ ಪಾಲಿಸಿಯೂ ಇದೆ, ಅದಕ್ಕೆ ಕಂತು ಜಾಸ್ತಿ.

ತಪ್ಪು ನನ್ನದೂ ಇದೆ, ಬಿಡಿ. ಪಾಲಿಸಿಯ ಪುಸ್ತಕವನ್ನು ನಾನು ಓದಿದ್ದರೆ ತಾನೆ? ನಾನು ಪೂರ್ತಿ ಓದಿದ್ದು ಮೊದಲ ಪುಟದಲ್ಲಿ ನಗುತ್ತಿರುವ ಕುಟುಂಬದ ಫೋಟೋ ಒಂದನ್ನೇ. ಆ ಫೋಟೋದಲ್ಲಿ ಯಾರ ಕಾಲೂ ಒದ್ದೆಯಾಗಿಲ್ಲ. ಈಗ ಕೂತು ಓದುತ್ತಿದ್ದೇನೆ. ಕಳ್ಳತನದ ಪುಟವೇ ನನಗೆ ಇಷ್ಟವಾದದ್ದು. ಕಳ್ಳ ಬೀಗ ಮುರಿದಿರಬೇಕು, ಕಿಟಕಿ ಒಡೆದಿರಬೇಕು. ತೆರೆದ ಬಾಗಿಲಿಂದ ಮೆಲ್ಲಗೆ ಬಂದು ಹೋದ ಮರ್ಯಾದಸ್ಥ ಕಳ್ಳನನ್ನು ಈ ಪಾಲಿಸಿ ಕಳ್ಳ ಎಂದೇ ಒಪ್ಪುವುದಿಲ್ಲ.

ವ್ಯಾಪಾರ ನಿಂತರೆ ಪರಿಹಾರ ಎಂಬ ಪುಟವೂ ಸಿಕ್ಕಿತು. ಪ್ರೆಸ್ಸಿನ ಕಟ್ಟಡಕ್ಕೋ ಯಂತ್ರಕ್ಕೋ ಪೆಟ್ಟು ಬಿದ್ದು ಕೆಲಸ ನಿಂತರೆ ಮಾತ್ರವಂತೆ. 2020ರಲ್ಲಿ ಲಾಕ್‌ಡೌನ್ ಬಂದು ಬಾಗಿಲು ಹಾಕಿದ ಎಷ್ಟೋ ದೇಶಗಳ ಸಣ್ಣ ವ್ಯಾಪಾರಿಗಳು ಇದೇ ಪುಟ ತೆರೆದು ನೋಡಿದ್ದರು. ವೈರಸ್ ಯಾರ ಗೋಡೆಯನ್ನೂ ಒಡೆದಿರಲಿಲ್ಲವಲ್ಲ.

ಮೊನ್ನೆ ಕಂತು ಕಟ್ಟುವ ದಿನ ಹತ್ತಿರ ಬಂತು. ಏಜೆಂಟ್ ತಾವಾಗಿಯೇ ಫೋನ್ ಮಾಡಿದರು. ಈ ಸಲ ನಾನೂ ತಯಾರಾಗಿದ್ದೆ. ಕೆಳಗಿಂದ ಬಂದ ನೀರು, ಮನೆಯಲ್ಲಿಟ್ಟ ಬಂಡಲು, ಹಳೇ ಬೀರು, ಒಂದೊಂದಾಗಿ ಕೇಳಿದೆ.

"ಎಲ್ಲಾ ಕವರ್ ಆಗುತ್ತೆ ಸರ್, ನೀವು ಸುಮ್ನೆ ಟೆನ್ಷನ್ ಮಾಡ್ಕೋಬೇಡಿ."

"ಸಂತೋಷ. ಇದನ್ನೇ ವಾಟ್ಸಾಪಿನಲ್ಲಿ ಬರೆದು ಕಳಿಸಿಬಿಡಿ."

ಫೋನ್ ಇಟ್ಟ ಮೇಲೆ ಪ್ರಶ್ನೆಗಳನ್ನು ನಾನೇ ಟೈಪ್ ಮಾಡಿ ಕಳಿಸಿದೆ. ಕೂಡಲೇ ಎರಡು ನೀಲಿ ಗೀಟು ಬಿದ್ದವು. ಏಜೆಂಟರು ಏನೋ ಬರೆಯುತ್ತಿದ್ದಾರೆ ಎಂದು ತೋರಿಸಿತು. ನಿಂತಿತು. ಮತ್ತೆ ಬರೆಯುತ್ತಿದ್ದಾರೆ ಎಂದು ತೋರಿಸಿತು. ಕೊನೆಗೆ ಒಂದು ಕೈಮುಗಿದ ಚಿತ್ರ ಬಂತು, ಅದರ ಕೆಳಗೆ ಕಂತು ಕಟ್ಟುವ ಲಿಂಕು.