ಬ್ರೆಡ್ಡಿನ ಮಾತುಗಳನ್ನು ಕಟ್ಟಿದವರು ಹಸಿದವರು

ಇಂಗ್ಲಿಷ್ ಅಂದರೆ ದೊಡ್ಡವರ ಮನೆಯ ಭಾಷೆ, ಅದರ ನುಡಿಗಟ್ಟುಗಳು ಕಾನ್ವೆಂಟಿನಲ್ಲಿ ಓದಿದವರ ಬಾಯಿಗಷ್ಟೇ ಒಪ್ಪುವಂಥವು ಎಂಬ ಅಳುಕು ನಮ್ಮ ಹಳ್ಳಿ ಮತ್ತು ಸಣ್ಣ ಊರುಗಳ ಮಕ್ಕಳ ಎದೆಯಲ್ಲಿ ಗಟ್ಟಿಯಾಗಿ ಕೂತಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಪದವಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುವ ನಾನು ಇದನ್ನು ವರ್ಷ ವರ್ಷವೂ ನೋಡುತ್ತೇನೆ. ವ್ಯಾಕರಣ ಚೆನ್ನಾಗಿ ಬರುವ ಹುಡುಗಿ ಕೂಡ ನುಡಿಗಟ್ಟಿನ ಪಾಠ ಬಂದ ಕೂಡಲೇ ಇದು ನಮಗಲ್ಲ ಎಂಬಂತೆ ಹಿಂದೆ ಸರಿಯುತ್ತಾಳೆ. ಈ ಅಳುಕಿಗೆ ಬುಡವಿಲ್ಲ ಎಂದು ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಉದಾಹರಣೆಗೆ ಒಂದೇ ಒಂದು ಪದ ಸಾಕು. ಬ್ರೆಡ್.

ಸ್ಪರ್ಧಾತ್ಮಕ ಪರೀಕ್ಷೆಯ ಯಾವ ಗೈಡನ್ನಾದರೂ ತೆಗೆಯಿರಿ. ಎಡಗಡೆ ನುಡಿಗಟ್ಟು, ಬಲಗಡೆ ಅರ್ಥ. ಬ್ರೆಡ್ ಅಂಡ್ ಬಟರ್ ಅಂದರೆ ಜೀವನೋಪಾಯ. ಬ್ರೆಡ್‌ವಿನ್ನರ್ ಅಂದರೆ ದುಡಿದು ಮನೆ ಸಾಕುವವರು. ಬೇಕರ್ಸ್ ಡಜನ್ ಅಂದರೆ ಹದಿಮೂರು. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಗುರುತು ಹಾಕುತ್ತಾರೆ, ಹೊರಗೆ ಬಂದ ಮೇಲೆ ಮರೆಯುತ್ತಾರೆ. ಆ ಮಾತುಗಳನ್ನು ಮೊದಲು ಆಡಿದವರು ಯಾರು, ಅವರ ಹೊಟ್ಟೆಯಲ್ಲಿ ಏನಿತ್ತು ಎಂದು ಆ ಪಟ್ಟಿಗಳು ಒಂದು ಸಾಲಿನಲ್ಲೂ ಹೇಳುವುದಿಲ್ಲ.

ಲಾರ್ಡ್ ಎಂಬ ಪದದಿಂದಲೇ ಶುರು ಮಾಡೋಣ. ನಮಗೆ ಲಾರ್ಡ್ ಅಂದ ಕೂಡಲೇ ನೆನಪಾಗುವುದು ಕುದುರೆ ಗಾಡಿ, ಕಾರ್ನ್‌ವಾಲಿಸ್, ಕರ್ಜನ್. ಹಳೆಯ ಇಂಗ್ಲಿಷ್‌ನಲ್ಲಿ ಬ್ರೆಡ್ಡಿಗೆ 'ಹ್ಲಾಫ್' ಎನ್ನುತ್ತಿದ್ದರು. ಇವತ್ತಿನ 'ಲೋಫ್' ಬಂದಿದ್ದು ಅದರಿಂದ. ಬ್ರೆಡ್ಡನ್ನು ಕಾಯುವವನು 'ಹ್ಲಾಫ್‌ವೇರ್ಡ್'. ಆ ಪದ ಬಾಯಿಂದ ಬಾಯಿಗೆ ಸವೆದು ಲಾರ್ಡ್ ಆಯಿತು. ಬ್ರೆಡ್ಡಿಗೆ ಹಿಟ್ಟು ನಾದುವವಳು 'ಹ್ಲ್ಯಾಫ್‌ದೀಯೆ', ಅವಳೇ ಇಂದಿನ ಲೇಡಿ. ಯಾರದೋ ಮನೆಯಲ್ಲಿ ಉಂಡು ಅಲ್ಲೇ ದುಡಿಯುವ ಆಳಿಗೂ ಒಂದು ಹೆಸರಿತ್ತು, 'ಹ್ಲಾಫ್‌ಆ್ಯಟ', ಬ್ರೆಡ್ ತಿನ್ನುವವನು. 7ನೇ ಶತಮಾನದ ಆರಂಭದ ಹೊತ್ತಿಗೆ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯವನ್ನು ಆಳಿದ ಎಥೆಲ್‌ಬರ್ಟ್ ದೊರೆಯ ಕಾನೂನಿನಲ್ಲಿ ಒಂದು ಕಲಮು ಇದೆ: ರೈತನೊಬ್ಬನ 'ಬ್ರೆಡ್ ತಿನ್ನುವವನನ್ನು' ಕೊಂದವನು 6 ಶಿಲಿಂಗ್ ದಂಡ ತೆರಬೇಕು. ಸತ್ತವನ ಊರು, ಕುಲ, ಕಸುಬು ಯಾವುದೂ ಲೆಕ್ಕಕ್ಕಿಲ್ಲ. ಯಾರ ಮನೆಯ ಬ್ರೆಡ್ ತಿನ್ನುತ್ತಿದ್ದ ಎನ್ನುವುದಷ್ಟೇ ಅವನ ಗುರುತು. ಜೀತದ ಕಥೆ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಈ ಕಲಮನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಕಂಪ್ಯಾನಿಯನ್ ಎಂಬ ಪದವೂ ಇದೇ ಒಲೆಯಿಂದ ಬಂದದ್ದು. ಲ್ಯಾಟಿನ್‌ನಲ್ಲಿ 'ಪಾನಿಸ್' ಅಂದರೆ ಬ್ರೆಡ್, 'ಕಾಮ್' ಅಂದರೆ ಜೊತೆ. ಜೊತೆಗೆ ಕೂತು ತಿಂದವನೇ ಸಂಗಾತಿ. ಸಹಪಂಕ್ತಿ ಭೋಜನಕ್ಕಾಗಿ ಹೋರಾಡಬೇಕಾಗಿ ಬಂದ ಈ ನಾಡಿನಲ್ಲಿ ಈ ಪದವನ್ನು ಪಾಠ ಮಾಡುವಾಗ ನನಗೆ ಪ್ರತಿ ಸಲವೂ ಗಂಟಲು ಬಿಗಿಯುತ್ತದೆ.

ಇನ್ನು ಬೇಕರ್ಸ್ ಡಜನ್. 1266ರ ಸುಮಾರಿಗೆ, ಮೂರನೇ ಹೆನ್ರಿಯ ಕಾಲದಲ್ಲಿ, ಇಂಗ್ಲೆಂಡಿನಲ್ಲಿ ಬ್ರೆಡ್ಡು ಮತ್ತು ಏಲ್ ಎಂಬ ಬಿಯರಿನ ಮಾರಾಟಕ್ಕೆ ಒಂದು ಕಾನೂನು ಬಂತು. ಅದರ ಲೆಕ್ಕಾಚಾರ ಬಹಳ ಸ್ವಾರಸ್ಯದ್ದು. ಬ್ರೆಡ್ಡಿನ ಬೆಲೆ ಇದ್ದಲ್ಲೇ ಇರಬೇಕು. ಗೋಧಿ ದುಬಾರಿಯಾದರೆ ಬ್ರೆಡ್ಡಿನ ತೂಕ ಇಳಿಯಬೇಕು, ಅಗ್ಗವಾದರೆ ತೂಕ ಏರಬೇಕು. ಐದು ರೂಪಾಯಿಯ ಬಿಸ್ಕತ್ ಪೊಟ್ಟಣ ಬೆಲೆ ಬದಲಾಗದೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುವುದನ್ನು ಕಂಡಿದ್ದೀರಲ್ಲ, ಹಾಗೆಯೇ. ವ್ಯತ್ಯಾಸವೇನೆಂದರೆ ಅಲ್ಲಿ ಎಷ್ಟು ಸಣ್ಣದಾಗಬಹುದು ಎಂದು ಕಾನೂನೇ ನಿಗದಿ ಮಾಡಿತ್ತು. ತೂಕದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ ಬೇಕರಿಯವನಿಗೆ ದಂಡ ಬೀಳುತ್ತಿತ್ತು. ಮತ್ತೆ ಮತ್ತೆ ಸಿಕ್ಕರೆ ಸಂತೆಬೀದಿಯಲ್ಲಿ ಕತ್ತು ಮತ್ತು ಕೈಗಳನ್ನು ಮರದ ಹಲಗೆಗೆ ಸಿಕ್ಕಿಸಿ ನಿಲ್ಲಿಸುತ್ತಿದ್ದರು. ಕೈಯಲ್ಲಿ ನಾದಿ ಒಲೆಯಲ್ಲಿ ಸುಟ್ಟ ಬ್ರೆಡ್ಡು ಒಂದಿದ್ದಂತೆ ಇನ್ನೊಂದು ಇರುವುದಿಲ್ಲ. ಎಲ್ಲಿ ತೂಕ ಕಡಿಮೆ ಬಿದ್ದು ಮಾನ ಹೋಗುತ್ತದೋ ಎಂದು ಹನ್ನೆರಡು ಕೊಂಡವರಿಗೆ ಹದಿಮೂರನೆಯದನ್ನು ಸೇರಿಸಿ ಕೊಡುವ ರೂಢಿ ಬಂತು ಎಂಬುದು ಈ ಮಾತಿಗೆ ಸಾಮಾನ್ಯವಾಗಿ ಕೊಡುವ ವಿವರಣೆ. ಅಂದರೆ ಹದಿಮೂರು ಎಂಬ ಆ ಸಂಖ್ಯೆಯ ಹಿಂದೆ ತೂಕದ ಕಲ್ಲಿನ ಮೇಲೆ ಕಣ್ಣಿಟ್ಟು ನಿಂತಿದ್ದ ಬಡ ಗಿರಾಕಿ ಇದ್ದಾನೆ. ನ್ಯಾಯಬೆಲೆ ಅಂಗಡಿಯಲ್ಲಿ ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಂತ ನನ್ನ ವಿದ್ಯಾರ್ಥಿಗಳ ತಾಯಂದಿರೂ ಅವನ ಬಳಗವೇ.

1546ರಲ್ಲಿ ಜಾನ್ ಹೇವುಡ್ ಎಂಬಾತ ಗಾದೆಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ ಮಾಡಿದ. ಏನೂ ಇಲ್ಲದ್ದಕ್ಕಿಂತ ಅರ್ಧ ಲೋಫ್ ಮೇಲು ಎಂಬ ಮಾತೂ ಅದರಲ್ಲಿದೆ, ನನ್ನ ಬ್ರೆಡ್ಡಿನ ಯಾವ ಮಗ್ಗುಲಿಗೆ ಬೆಣ್ಣೆ ಸವರಿದೆ ಎಂದು ನನಗೆ ಗೊತ್ತು ಎಂಬುದೂ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದು ಸಿಕ್ಕಷ್ಟನ್ನೇ ಕಣ್ಣಿಗೊತ್ತಿಕೊಳ್ಳುವವನ ಮಾತು. ಇನ್ನೊಂದು, ಅನ್ನ ಕೊಡುವ ಧಣಿಯ ಮರ್ಜಿ ಹಿಡಿದು ಬದುಕುವುದನ್ನು ಕಲಿತವನ ಮಾತು. ಹೊಟ್ಟೆ ತುಂಬಿದವನಿಗೆ ಇವೆರಡೂ ತೋಚುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ಖಡಾಖಂಡಿತವಾಗಿ ಹೇಳಬೇಕು. ಅಪ್ಪರ್ ಕ್ರಸ್ಟ್ ಎಂಬ ನುಡಿಗಟ್ಟಿನ ಬಗ್ಗೆ ವಾಟ್ಸಾಪ್‌ನಲ್ಲಿ ಒಂದು ಕಥೆ ತಿರುಗುತ್ತಿರುತ್ತದೆ: ಹಿಂದಿನ ಕಾಲದಲ್ಲಿ ಬ್ರೆಡ್ಡಿನ ಸುಟ್ಟ ತಳ ಕೆಲಸದವರಿಗೆ, ನಡುವಿನ ಭಾಗ ಮನೆಯವರಿಗೆ, ಮೇಲಿನ ಪದರ ಅತಿಥಿಗಳಿಗೆ ಹೋಗುತ್ತಿತ್ತು, ಅದಕ್ಕೇ ಶ್ರೀಮಂತರಿಗೆ ಆ ಹೆಸರು ಬಂತು ಅಂತ. ಇದು 1999ರ ಹೊತ್ತಿಗೆ ಇಮೇಲ್‌ಗಳಲ್ಲಿ ಹರಿದಾಡಿದ, 1500ರ ಕಾಲದ ಜೀವನದ ಬಗ್ಗೆ ಯಾರೋ ಹೆಣೆದ ಕಟ್ಟುಕಥೆಗಳ ಕಂತೆಯಿಂದ ಬಂದದ್ದು. ಸಿರಿವಂತರ ವರ್ಗ ಎಂಬ ಅರ್ಥದಲ್ಲಿ ಆ ಪದ ಬಳಕೆಗೆ ಬಂದಿದ್ದು 19ನೇ ಶತಮಾನದಲ್ಲಿ. ಮೇಷ್ಟ್ರುಗಳೇ ಇಂಥದ್ದನ್ನು ತರಗತಿಯ ಗುಂಪಿಗೆ ಹಾಕುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ನಿಜವಾದ ಚರಿತ್ರೆ ಇಷ್ಟು ದಟ್ಟವಾಗಿರುವಾಗ ಸುಳ್ಳನ್ನು ಯಾಕೆ ಹಂಚಬೇಕು?

ನಿಜ ಬೇಕಿದ್ದರೆ 1815ಕ್ಕೆ ಹೋಗಿ. ನೆಪೋಲಿಯನ್ ಯುದ್ಧಗಳು ಮುಗಿದ ಹೊತ್ತು. ಹೊರದೇಶದ ಗೋಧಿ ಬಂದರೆ ದೇಶದೊಳಗಿನ ಬೆಲೆ ಬೀಳುತ್ತದೆ ಎಂಬ ಭಯ ಬ್ರಿಟನ್ನಿನ ಜಮೀನ್ದಾರರಿಗೆ. ಪಾರ್ಲಿಮೆಂಟಿನಲ್ಲಿ ತುಂಬಿದ್ದವರೂ ಅವರೇ. ಒಂದು ಕ್ವಾರ್ಟರ್ (ಆಗಿನ ಕಾಳಿನ ಅಳತೆ) ಗೋಧಿಗೆ 80 ಶಿಲಿಂಗ್ ಆಗುವ ತನಕ ಹೊರಗಿನ ಗೋಧಿ ಮಾರುಕಟ್ಟೆಗೆ ಬರಕೂಡದು ಎಂದು ಕಾನೂನು ಮಾಡಿದರು. ಬಡವರ ಬ್ರೆಡ್ಡು ತುಟ್ಟಿಯಾಯಿತು, ಲಂಡನ್ನಿನಲ್ಲಿ ಗಲಭೆಗಳೆದ್ದವು. ಈ ಕಾರ್ನ್ ಲಾ ರದ್ದಾಗಲು 1846ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಬರ ಶುರುವಾಗಿತ್ತು. ತುಟ್ಟಿ ಬ್ರೆಡ್ಡಿನ ಆ ನೆನಪು ಎಷ್ಟು ಆಳವಾಗಿತ್ತೆಂದರೆ 1906ರ ಚುನಾವಣೆಯಲ್ಲೂ ಲಿಬರಲ್ ಪಕ್ಷದವರು ಒಂದು ದೊಡ್ಡ ಲೋಫ್, ಒಂದು ಸಣ್ಣ ಲೋಫ್ ತೋರಿಸಿ ಮತ ಕೇಳಿದರು. ನಮಗೆ ಓಟು ಹಾಕಿದರೆ ದೊಡ್ಡದು, ಅವರಿಗೆ ಹಾಕಿದರೆ ಸಣ್ಣದು. ಟಿವಿ ಚರ್ಚೆಗಳಲ್ಲಿ ಪದೇ ಪದೇ ಬರುವ ಬ್ರೆಡ್ ಅಂಡ್ ಬಟರ್ ಇಶ್ಯೂ ಎಂಬ ಮಾತನ್ನು ಕೇಳಿದಾಗ ನನಗೆ ಆ ಎರಡು ಲೋಫ್‌ಗಳು ಕಾಣುತ್ತವೆ. ಅಕ್ಕಿಯ ಲೆಕ್ಕದ ಮೇಲೆ ಚುನಾವಣೆ ನಡೆಯುವುದನ್ನು ಕಂಡ ಕರ್ನಾಟಕದವರಿಗೆ ಇದು ಹೊಸತೇನೂ ಅಲ್ಲ.

ಬ್ರೆಡ್‌ವಿನ್ನರ್ ಎಂಬುದರಲ್ಲಿರುವ 'ವಿನ್' ಗೆಲುವಿನದ್ದಲ್ಲ. ಹಳೆಯ ಇಂಗ್ಲಿಷ್‌ನ 'ವಿನ್ನನ್' ಅಂದರೆ ಪಾಡುಪಡುವುದು, ಹೆಣಗುವುದು. ಆ ಹೆಣಗಾಟವನ್ನು ಗಂಡಸಿನ ತಲೆಗೆ ಮಾತ್ರ ಕಿರೀಟವಾಗಿ ತೊಡಿಸಿದ್ದು ಆಮೇಲಿನ ಕಾಲ. ಅದು ಎಷ್ಟು ಸುಳ್ಳು ಎನ್ನುವುದನ್ನು ನಾನು ತರಗತಿಯಲ್ಲಿ ಅಮೆರಿಕದ ಲಾರೆನ್ಸ್ ಪಟ್ಟಣದ ಕಥೆಯಿಂದ ಹೇಳುತ್ತೇನೆ.

ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಜವಳಿ ಗಿರಣಿಗಳ ಊರು. ಇಟಲಿ, ಪೋಲೆಂಡ್, ಲಿಥುವೇನಿಯಾ, ಸಿರಿಯಾ, ಎಲ್ಲೆಲ್ಲಿಂದಲೋ ಬಂದ ಕುಟುಂಬಗಳು. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಗಿರಣಿಗೆ ಹೋದರೆ ಮಾತ್ರ ಒಲೆ ಉರಿಯುತ್ತಿತ್ತು. 1912ರ ಜನವರಿ 1ರಿಂದ ಹೆಂಗಸರು ಮತ್ತು ಮಕ್ಕಳ ವಾರದ ದುಡಿಮೆಯನ್ನು ಸರ್ಕಾರ 56 ಗಂಟೆಯಿಂದ 54ಕ್ಕೆ ಇಳಿಸಿತು. ಕೇಳಲು ಒಳ್ಳೆಯ ಕಾನೂನು. ಆದರೆ ಗಿರಣಿಯವರು ಆ ಎರಡು ಗಂಟೆಯ ಕೂಲಿಯನ್ನೂ ಕತ್ತರಿಸಿದರು. ಜನವರಿ 11ರಂದು ಪೋಲೆಂಡಿನ ನೇಕಾರ ಹೆಂಗಸರು ಸಂಬಳದ ಲಕೋಟೆ ಬಿಚ್ಚಿ ಎಣಿಸಿದರು. ಸುಮಾರು 32 ಸೆಂಟ್ ಕಡಿಮೆ. ನಮ್ಮ ಕಣ್ಣಿಗೆ ಚಿಲ್ಲರೆ. ಅವರಿಗೆ ಅದು ಮನೆಮಂದಿಯ ಎಷ್ಟೋ ಹೊತ್ತಿನ ಬ್ರೆಡ್ಡು. ಮಗ್ಗ ನಿಲ್ಲಿಸಿ ಹೊರಗೆ ಬಂದರು. ನೋಡನೋಡುತ್ತ 20 ಸಾವಿರಕ್ಕೂ ಹೆಚ್ಚು ಜನ ಮುಷ್ಕರಕ್ಕಿಳಿದರು. ಚಳಿಗಾಲದ ಹಿಮದಲ್ಲಿ ಎರಡು ತಿಂಗಳು ತಡೆದುಕೊಂಡು ಕೂಲಿ ಹೆಚ್ಚಿಸಿಕೊಂಡೇ ಒಳಗೆ ಹೋದರು.

ಇಂದು ಆ ಹೋರಾಟವನ್ನು ಬ್ರೆಡ್ ಅಂಡ್ ರೋಸಸ್ ಮುಷ್ಕರ ಎಂದು ಕರೆಯುತ್ತಾರೆ. ಆ ಮಾತು ಮುಷ್ಕರಕ್ಕೂ ಮುಂಚಿನದು. 1911ರಲ್ಲೇ ಹೆಣ್ಣುಮಕ್ಕಳ ಮತದಾನದ ಹಕ್ಕಿನ ಚಳವಳಿಯವರ ಬಾಯಲ್ಲಿತ್ತು. ಕಾರ್ಮಿಕ ನಾಯಕಿ ರೋಸ್ ಶ್ನೈಡರ್‌ಮನ್ 1912ರಲ್ಲಿ ಅದನ್ನು ತನ್ನ ಭಾಷಣದಲ್ಲಿ ಬಳಸಿದಳು: ದುಡಿಯುವ ಹೆಂಗಸಿಗೆ ಬ್ರೆಡ್ಡು ಬೇಕು, ಗುಲಾಬಿಯೂ ಬೇಕು. ಹೊಟ್ಟೆಗಷ್ಟು ಎಸೆದರೆ ಸಾಕು ಎನ್ನುವವರಿಗೆ ಇದಕ್ಕಿಂತ ಚೆಂದದ ಉತ್ತರ ನನಗೆ ಗೊತ್ತಿಲ್ಲ. ಇದನ್ನು ಹೇಳುವಾಗ ನನ್ನ ತರಗತಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮಂದಿರ ಮಕ್ಕಳಿರುತ್ತಾರೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬಿಗಿ ಮಾಡಿದಾಗ ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಕೂತುಬಿಟ್ಟರಲ್ಲ, ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಆ ನಿಯಮವನ್ನು ವಾಪಸು ಪಡೆಯಿತಲ್ಲ, ಆ ಮಾತು ಬಂದ ಕೂಡಲೇ ಹಿಂದಿನ ಬೆಂಚಿನ ಹುಡುಗಿಯರ ಬೆನ್ನು ನೆಟ್ಟಗಾಗುತ್ತದೆ. ಲಾರೆನ್ಸ್ ಅವರಿಗೆ ಪಕ್ಕದ ಊರಾಗುತ್ತದೆ. ಬ್ರೆಡ್‌ವಿನ್ನರ್ ಅಂದರೆ ಯಾರು ಎಂದು ಆಮೇಲೆ ಕೇಳಿದರೆ 'ನಮ್ಮಮ್ಮ' ಎಂಬ ಉತ್ತರ ತಡವರಿಸದೆ ಬರುತ್ತದೆ.

ಬ್ರೆಡ್‌ಲೈನ್ ಎಂಬ ಮಾತೂ ಅಮೆರಿಕದ್ದೇ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಫ್ಲೈಶ್‌ಮನ್ ಎಂಬವರ ಬೇಕರಿ ಇತ್ತು. 19ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಉಳಿದ ಬ್ರೆಡ್ಡನ್ನು ನಡುರಾತ್ರಿ ಬಡವರಿಗೆ ಹಂಚುತ್ತಿದ್ದರು. ಅದಕ್ಕಾಗಿ ನಿಂತ ಸಾಲಿಗೆ ಬಿದ್ದ ಹೆಸರು ಈಗ ಬ್ರಿಟನ್ನಿನಲ್ಲಿ ಬಡತನದ ರೇಖೆಗೇ ಅಂಟಿಕೊಂಡಿದೆ.

ಸ್ಲೈಸ್ಡ್ ಬ್ರೆಡ್ ಬಂದ ಮೇಲೆ ಇಷ್ಟು ಒಳ್ಳೆಯದು ಇನ್ನೊಂದು ಬಂದಿಲ್ಲ ಎಂದು ಇಂಗ್ಲಿಷಿನವರು ಹೊಗಳುತ್ತಾರಲ್ಲ, ಅದರ ಹಿಂದೆಯೂ ಒಬ್ಬ ಕಸುಬುದಾರ ಇದ್ದಾನೆ. ಅಯೋವಾದ ಒಟ್ಟೊ ರೋವೆಡ್ಡರ್ ಒಡವೆ ಅಂಗಡಿ ನಡೆಸುತ್ತಿದ್ದವನು. ಬ್ರೆಡ್ ಕತ್ತರಿಸುವ ಯಂತ್ರದ ಹುಚ್ಚು ಹಿಡಿದು ಅಂಗಡಿ ಮಾರಿದ. ಮಾಡಿದ ಮಾದರಿ, ಬರೆದ ನಕ್ಷೆ ಎಲ್ಲ ಬೆಂಕಿಗೆ ಬಿದ್ದವು. ಮತ್ತೆ ಮೊದಲಿನಿಂದ ಶುರು ಮಾಡಿ, 1928ರ ಜುಲೈ 7ರಂದು ಮಿಸೌರಿಯ ಚಿಲಿಕಾಥಿ ಎಂಬ ಸಣ್ಣ ಊರಿನ ಬೇಕರಿಯಲ್ಲಿ ಮೊದಲ ಬಾರಿಗೆ ಹೋಳು ಮಾಡಿದ ಬ್ರೆಡ್ ಮಾರಾಟಕ್ಕೆ ಬಂತು. 1943ರ ಜನವರಿಯಲ್ಲಿ ಯುದ್ಧದ ಉಳಿತಾಯಕ್ಕೆಂದು ಅಮೆರಿಕ ಸರ್ಕಾರ ಅದನ್ನು ನಿಷೇಧಿಸಿದಾಗ ಗೃಹಿಣಿಯರು ಎಷ್ಟು ಗಲಾಟೆ ಎಬ್ಬಿಸಿದರೆಂದರೆ ಮಾರ್ಚ್ 8ಕ್ಕೆ ನಿಷೇಧ ಎದ್ದುಹೋಯಿತು. ಬೆಳಗಿನ ಧಾವಂತದಲ್ಲಿ ಇಡೀ ಮನೆಗೆ ಡಬ್ಬಿ ಕಟ್ಟುವ ಹೆಂಗಸಿಗೆ ಹೋಳಾಗಿ ಬಂದ ಬ್ರೆಡ್ ಎಷ್ಟು ದೊಡ್ಡ ಉಪಕಾರ ಎಂದು ಗಂಡಸರ ಸರ್ಕಾರಕ್ಕೆ ಹೊಳೆದೇ ಇರಲಿಲ್ಲ.

ಬೀದಿಮಾತಿಗೆ ಬಂದರೆ ಇನ್ನೂ ಹತ್ತಿರ. 19ನೇ ಶತಮಾನದ ನಡುವಿನಲ್ಲೇ ಅಮೆರಿಕದವರು ದುಡ್ಡಿಗೆ ಡೋ, ಅಂದರೆ ಕಲಸಿದ ಹಿಟ್ಟು, ಎನ್ನತೊಡಗಿದ್ದರು. ಮುಂದೆ ಕಪ್ಪು ಜನಾಂಗದ ಜಾಜ್ ಸಂಗೀತಗಾರರ ಬಾಯಲ್ಲಿ ಬ್ರೆಡ್ ಎಂಬುದೇ ದುಡ್ಡಾಯಿತು. ಈಗಿನ ಹುಡುಗರು ರೀಲ್ಸ್‌ನಲ್ಲಿ 'ಲೆಟ್ಸ್ ಗೆಟ್ ದಿಸ್ ಬ್ರೆಡ್' ಅನ್ನುವುದು ಅದೇ ಹಾದಿಯ ಮಾತು. ಲಂಡನ್ನಿನ ಈಸ್ಟ್ ಎಂಡಿನ ಕಾಕ್ನಿ ಜನ ಪ್ರಾಸ ಹಿಡಿದು ಮಾತು ಮುಚ್ಚಿಡುವುದರಲ್ಲಿ ನಿಸ್ಸೀಮರು. ಹೆಡ್ಡಿಗೆ ಲೋಫ್ ಆಫ್ ಬ್ರೆಡ್ ಪ್ರಾಸ. ಅದರಿಂದ 'ಯೂಸ್ ಯುವರ್ ಲೋಫ್' ಅಂದರೆ ತಲೆ ಓಡಿಸು. ಡೆಡ್, ಅಂದರೆ ಸತ್ತವನು, ಬ್ರೌನ್ ಬ್ರೆಡ್. ಬಂದರಿನ ಹಮಾಲಿಗಳು, ತಳ್ಳುಗಾಡಿಯವರು ಕಟ್ಟಿದ ಭಾಷೆ ಅದು. ಪ್ರೀತಿಯ ಹೆಸರಲ್ಲಿ ಆಗೊಂದು ಈಗೊಂದು ಮೆಸೇಜು ಎಸೆದು ಕಾಯಿಸುವುದಕ್ಕೆ ಈಗ ಬ್ರೆಡ್‌ಕ್ರಂಬಿಂಗ್ ಎಂಬ ಹೆಸರಿದೆ. ಇದನ್ನು ನಾನು ವಿದ್ಯಾರ್ಥಿನಿಯರಿಂದಲೇ ಕಲಿತೆ.

ಇಂಗ್ಲಿಷ್ ಕಲಿಸುವ ಗೆಳೆಯರಲ್ಲಿ ನನ್ನ ಬೇಡಿಕೆ ಇಷ್ಟೆ. ಐನೂರು ನುಡಿಗಟ್ಟುಗಳ ಪಟ್ಟಿ ಕೊಡುವ ಬದಲು ಒಂದು ಪದ ಹಿಡಿದು ಒಂದು ವಾರ ಕೂರಿ. ಆ ಮಾತನ್ನು ಯಾರು ಆಡಿದರು, ಅವತ್ತು ಅವರ ಕೂಲಿ ಎಷ್ಟಿತ್ತು, ಕಾನೂನು ಯಾರ ಕಡೆಗಿತ್ತು ಎಂದು ಹುಡುಕಿಸಿ. ಮುಂದಿನ ಸೆಮಿಸ್ಟರ್‌ಗೆ ನಾನು ಉಪ್ಪನ್ನು ಎತ್ತಿಕೊಳ್ಳಬೇಕೆಂದಿದ್ದೇನೆ, ಆಮೇಲೆ ಬಟ್ಟೆ ಮತ್ತು ದಾರ. ನಿಮ್ಮ ತರಗತಿಗಳಲ್ಲಿ ಬೇರೆ ಯಾವುದಾದರೂ ಪದ ಮಕ್ಕಳಿಗೆ ಹೀಗೆ ದಕ್ಕಿದ್ದರೆ ಕೆಳಗೆ ಬರೆಯಿರಿ. ಎಲ್ಲವನ್ನೂ ಒಟ್ಟುಗೂಡಿಸಿ, ಬೇಕಾದವರಿಗೆ ಕಳಿಸುವ ಹೊಣೆ ನನ್ನದು.